ಅಟ್ಟದ ಕ್ಯಾಸೆಟ್ಟು, ಆರು ಗಂಟೆಯ ಡಿವಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೇ ಮನೆಗಳ ಅಟ್ಟ ಹತ್ತಿ ನೋಡಿ. ಮದುವೆ, ಉಪನಯನ, ಅಂಗಳದಲ್ಲಿ ಆಡಿಸಿದ ಯಕ್ಷಗಾನ ಅಂತ ನಾಲ್ಕೈದು ವಿಎಚ್‌ಎಸ್ ಕ್ಯಾಸೆಟ್ಟಾದರೂ ಸಿಗ್ತವೆ. ಅವನ್ನೆಲ್ಲ ಪೇಟೆಗೆ ಒಯ್ದು ಡಿವಿಡಿ ಮಾಡಿಸಿ, ಆಮೇಲೆ ಕ್ಯಾಸೆಟ್ ಎಸೆಯೋದು ಈಗಿನ ರೂಢಿ. ಇದು ಉಳಿಸೋದಲ್ಲ, ಅಳಿಸೋದು ಅಂತ ನನ್ನ ವಾದ.

ನಮ್ಮನೆಯಲ್ಲೂ ಹಾಗೇ ಆಯ್ತು. ಮೂರು ಮೂರು ಗಂಟೆಯ ಎರಡು ಕ್ಯಾಸೆಟ್ಟನ್ನು ಅಂಗಡಿಯವರು ಒಂದೇ ಡಿಸ್ಕಿಗೆ ತುಂಬಿಸಿ ಕೊಟ್ಟರು. ದುಡ್ಡು ಉಳೀತು ಅಂತ ಅಪ್ಪನಿಗೆ ಖುಷಿ. ಆಯಿ ಮಾತ್ರ ಟೀವಿ ಹತ್ತಿರ ಹೋಗಿ ನೋಡಿ, "ಅಜ್ಜನ ಮುಖನೇ ಕಾಣ್ತಿಲ್ಲೆ" ಅಂದಳು.

ಯಾಕೆ ಕಾಣಲ್ಲ ಅನ್ನೋದಕ್ಕೆ ನಮಗೆ ಗೊತ್ತಿರೋ ಗುಣಾಕಾರ, ಭಾಗಾಕಾರ ಸಾಕು. ಡಿಸ್ಕಿನಲ್ಲಿ ಇರೋ ಜಾಗ 4.7 ಜಿಬಿ. ಆರು ಗಂಟೆಗೆ ಹಂಚಿದರೆ ಸೆಕೆಂಡಿಗೆ 1.7 ಮೆಗಾಬಿಟ್, ಅದರಲ್ಲೇ ಧ್ವನಿಯೂ ಬರಬೇಕು. ಡಿವಿಡಿಯಲ್ಲಿ ಚಿತ್ರಕ್ಕೆ 9.8ರವರೆಗೆ ಅವಕಾಶ ಇದೆ. ಒಂದು ಡಿಸ್ಕಿಗೆ ಒಂದೇ ಗಂಟೆ ಹಾಕಿದ್ರೆ ಹೆಚ್ಚುಕಮ್ಮಿ ಅಷ್ಟೂ ಸಿಗ್ತದೆ. "ವಿಎಚ್‌ಎಸ್ ಮೊದಲೇ ಮಸುಕು, ಅದಕ್ಕೆ ಅಷ್ಟೆಲ್ಲ ಯಾಕೆ?" ಅಂತ ಕೇಳೋರಿದ್ದಾರೆ. ಉಲ್ಟಾ! ಟೇಪಿನ ಚಿತ್ರದ ತುಂಬ ಕಾಳು ಕಾಳು ನಾಯ್ಸ್. ಎಂಪೆಗ್-2ಕ್ಕೆ ಆ ನಾಯ್ಸೂ ಒಂದು ಚಲನೆಯೇ, ಬಿಟ್‌ಗಳನ್ನೆಲ್ಲ ಅದೇ ನುಂಗ್ತದೆ.

ಇನ್ನು ಯಕ್ಷಗಾನದ ಟೇಪಾದರೆ ಕೇಳೋದೇ ಬೇಡ. ರಾತ್ರಿ, ಕಡಿಮೆ ಬೆಳಕು, ಮೇಲಿಂದ ಗಿರಕಿ. ಚೌಕ ಚೌಕ ಒಡೆದು, ಕಿರೀಟ ಯಾವುದು ಮುಖ ಯಾವುದು ಅಂತ ತಿಳಿಯಲ್ಲ. ಅದರ ಜೊತೆ ಇನ್ನೊಂದು ಪೆಟ್ಟು ಇದೆ. ನಮ್ಮ ಪಾಲ್ ಟೇಪಿನಲ್ಲಿ ಸೆಕೆಂಡಿಗೆ ಇರೋದು 25 ಚಿತ್ರ ಅಲ್ಲ, 50 ಅರ್ಧಚಿತ್ರ. ಒಂದೊಂದೂ ಬೇರೆ ಕ್ಷಣದ್ದು. ಕಂಪ್ಯೂಟರಿನಲ್ಲಿ ಗೆರೆ ಗೆರೆ ಕಾಣ್ತದೆ ಅಂತ ಅರ್ಧವನ್ನು ಕಿತ್ತು ಹಾಕಿದರೆ ಕುಣಿತದ ಅರ್ಧ ಹೋದ ಹಾಗೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡಿದ್ದು 2017ರಲ್ಲಿ. ಅವರ ಆಟ ಯಾರ್ಯಾರ ಮನೆ ಟೇಪಿನಲ್ಲಿ ಕೂತಿದೆಯೋ!

ಹಾಗಾಗಿ ಡಿವಿಡಿ ಬೇಕಾದರೆ ಮಾಡ್ಸಿ, ಅಜ್ಜಿಗೆ ನೋಡೋಕೆ. ಮೂಲಪ್ರತಿ ಮಾತ್ರ ಹಾರ್ಡ್‌ಡಿಸ್ಕಿನಲ್ಲಿ ಇರಲಿ: 720×576, ಆ 50 ಅರ್ಧಚಿತ್ರ ಹಾಗೇ ಇಟ್ಟು, ಎಫ್‌ಎಫ್‌ವಿ1 ಥರ ಏನೂ ಕಳೆಯದ ಕೋಡೆಕ್‌ನಲ್ಲಿ. ಅಷ್ಟು ಜಾಗ ಇಲ್ಲ ಅಂದ್ರೆ ಡಿವಿ ಫಾರ್ಮ್ಯಾಟ್, ಗಂಟೆಗೆ ಸುಮಾರು 13 ಜಿಬಿ. ನಾವು ಡೌನ್‌ಲೋಡ್ ಮಾಡೋ ಗೇಮ್‌ಗಳೇ ಅದಕ್ಕಿಂತ ದೊಡ್ಡದಿರ್ತವೆ. ಎಐ ಹಾಕಿ ಫೋರ್‌ಕೆ ಮಾಡೋ ಆಸೆ ಇದ್ರೆ ನಕಲಿನ ಮೇಲೆ ಮಾಡಿ. ಅದು ಅಜ್ಜನಿಗೆ ಇಲ್ಲದ ಹುಬ್ಬು ಬರೆದು ಕೊಡ್ತದೆ.

ಬರೀ ಹಣದ ಮಾತಾಗಿದ್ರೆ ಮುಂದಿನ ವರ್ಷ ಮಾಡಬಹುದಿತ್ತು. ಮಲೆನಾಡಿನ ಮಳೆ ಕಾಯಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಮೇಲೆ ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಅದು ಹೆಡ್ಡಿಗೆ ಹತ್ತಿ, ಮುಂದಿನ ಕ್ಯಾಸೆಟ್ಟಿಗೂ ದಾಟ್ತದೆ. ಮೊದಲು ಕ್ಲೀನ್ ಮಾಡಿಸಬೇಕು. ವಿಸಿಆರ್ ತಯಾರಿಸ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿಬಿಟ್ಟಿದೆ. ಈಗ ಇರೋದೆಲ್ಲ ಹಳೇ ಯಂತ್ರ. ನಮ್ಮ ಕನ್ನಡ ಸಂಘ ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಒಳ್ಳೇ ವಿಸಿಆರು, ಒಂದು ಕ್ಯಾಪ್ಚರ್ ಡಿವೈಸು ತಗೊಂಡು ರಜೆಯಲ್ಲಿ ಊರಿಗೆ ಹೋಗೋರಿಗೆ ಸರದಿ ಮೇಲೆ ಕೊಡಬೇಕು. ಬೆಲ್ಟು, ಹೆಡ್ಡು ನೋಡ್ಕೊಳ್ಳೋಕೆ ಇ ಆಂಡ್ ಸಿ, ಮೆಕ್ಯಾನಿಕಲ್‌ನವರು ಇದ್ದೀರಲ್ಲ!

ನಮ್ಮನೆಯ ಕ್ಯಾಸೆಟ್ಟುಗಳನ್ನ ಆಯಿ ಎಸೆಯೋಕೆ ಬಿಟ್ಟಿರಲಿಲ್ಲ. ದೀಪಾವಳಿಗೆ ಹೋದಾಗ ಒಂದನ್ನು ಮತ್ತೆ ಹಾಕಿದೆ; ಅಜ್ಜನ ಮುಖ ಕಾಣ್ತು, ಎಲೆ ಅಡಿಕೆ ತುಂಬಿದ ದವಡೆ ಸಮೇತ. ಇನ್ನೊಂದರಲ್ಲಿ ಬೂಸ್ಟು ಬಂದಿದೆ, ಇನ್ನೂ ಹಾಕಿಲ್ಲ.