ನೆಲ ಮುಟ್ಟದ ಧ್ವಜ

ಪದಕವೆಂದರೆ ಸಾಹಸ ಮೆರೆದ ಕೆಲವೇ ದಿನಗಳಲ್ಲಿ ವೀರನ ಎದೆಗೇರುವಂಥದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಮೆರಿಕದ ವಿಲಿಯಂ ಹಾರ್ವೆ ಕಾರ್ನಿ ಅವರಿಗೆ ಅದು ದೊರೆತದ್ದು 37 ವರ್ಷಗಳ ತರುವಾಯ. ಅಷ್ಟರಲ್ಲಿ ಅವರು ಮನೆಮನೆಗೆ ಕಾಗದ ಹಂಚುತ್ತ ಅರವತ್ತರ ವಯಸ್ಸನ್ನು ಮುಟ್ಟಿದ್ದರು.

ಕಾರ್ನಿ ಹುಟ್ಟಿದ್ದು 1840ರಲ್ಲಿ, ವರ್ಜೀನಿಯಾದ ನಾರ್ಫೋಕ್ ಪಟ್ಟಣದಲ್ಲಿ, ಗುಲಾಮರಾಗಿ. ಗುಲಾಮರಿಗೆ ಅಕ್ಷರ ಕಲಿಸುವುದು ಅಲ್ಲಿ ಕಾನೂನಿಗೆ ವಿರುದ್ಧವಾಗಿತ್ತು. ಆದರೂ ಒಬ್ಬ ಪಾದ್ರಿ ಗುಟ್ಟಾಗಿ ನಡೆಸುತ್ತಿದ್ದ ಶಾಲೆಯಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅವರು ಓದುಬರಹ ಕಲಿತರು. ಮುಂದೆ ಉತ್ತರದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡಿಗೆ ಬಂದು ನೆಲೆಸಿದಾಗ ತಾವೂ ಧರ್ಮೋಪದೇಶಕರಾಗಬೇಕೆಂಬ ಹಂಬಲ ಅವರಿಗಿತ್ತು.

ಅಷ್ಟರಲ್ಲಿ 1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. (ಆ ಯುದ್ಧದ ಬಿಸಿ ನಮ್ಮ ನಾಡಿಗೂ ತಟ್ಟಿತ್ತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅರಳೆ ದೊರೆಯದಾದಾಗ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು.) 1863ರ ಆರಂಭದಲ್ಲಿ ಕರಿಯರಿಗೂ ಸೈನ್ಯದ ಬಾಗಿಲು ತೆರೆಯಿತು. ದಾಸ್ಯದಲ್ಲಿರುವ ತಮ್ಮ ಬಂಧುಗಳ ಸೇವೆಯೇ ಆಗ ದೇವರ ಸೇವೆಯೆಂದು ಬಗೆದು ಕಾರ್ನಿ 54ನೆಯ ಮ್ಯಾಸಚೂಸೆಟ್ಸ್ ದಳವನ್ನು ಸೇರಿದರು. ಸಿಪಾಯಿಗಳೆಲ್ಲ ಕರಿಯರು, ದಳಪತಿ ರಾಬರ್ಟ್ ಗೌಲ್ಡ್ ಶಾ ಎಂಬ ಇಪ್ಪತ್ತೈದರ ಬಿಳಿಯ ತರುಣ. ಇವರು ಕಾದಬಲ್ಲರೇ ಎಂಬ ಸಂದೇಹ ಉತ್ತರದವರಲ್ಲೇ ಬಹಳ ಮಂದಿಗಿತ್ತು.

1863ರ ಜುಲೈ 18ರ ಸಂಜೆ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಬಳಿಯ ವ್ಯಾಗ್ನರ್ ಕೋಟೆಯ ಮೇಲೆ ಏರಿಹೋಗುವಾಗ ಈ ದಳವೇ ಮುಂದೆ. ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಜೌಗು; ನಡುವೆ ಕಿರಿದಾದ ಮರಳ ದಾರಿ. ಅಂದಿನ ಕಾಳಗದಲ್ಲಿ ಧ್ವಜವೆಂದರೆ ಬರಿಯ ಅಲಂಕಾರವಲ್ಲ. ಹೊಗೆ ಗದ್ದಲಗಳ ನಡುವೆ ಸೈನಿಕನಿಗೆ ದಿಕ್ಕು ತೋರುತ್ತಿದ್ದುದು ಅದೊಂದೇ. ಆದಕಾರಣ ವೈರಿಯ ಮೊದಲ ಗುಂಡೂ ಅದನ್ನು ಹಿಡಿದವನಿಗೇ. ಧ್ವಜಧಾರಿ ಉರುಳಿದುದನ್ನು ಕಂಡ ಕಾರ್ನಿ ಕೈಯ ಬಂದೂಕನ್ನು ಎಸೆದು, ಧ್ವಜ ನೆಲಕ್ಕೆ ಬೀಳುವ ಮುನ್ನ ಹಿಡಿದು, ಕೋಟೆಯ ಮಣ್ಣದಿಣ್ಣೆಯನ್ನೇರಿ ಅಲ್ಲಿ ನಿಂತರು. ಸುತ್ತಲಿನವರು ಒಬ್ಬೊಬ್ಬರಾಗಿ ಬಿದ್ದರು. ಶಾ ಅವರೂ ಆ ದಿಣ್ಣೆಯ ಮೇಲೆಯೇ ಮಡಿದರು. ದಾಳಿ ಮುರಿದು ಹಿಂದೆ ಸರಿಯಬೇಕಾದಾಗ, ಮೈಯ ಹಲವೆಡೆ ಗುಂಡು ತಿಂದಿದ್ದ ಕಾರ್ನಿ ಧ್ವಜವನ್ನು ಕೋಲಿಗೆ ಸುತ್ತಿಕೊಂಡು, ಮೊಣಕಾಲೂರಿ ತೆವಳುತ್ತ ತಮ್ಮವರನ್ನು ತಲುಪಿದರು. ಬಾವುಟವು ನೆಲ ಮುಟ್ಟಲಿಲ್ಲವೆಂಬುದಷ್ಟೇ ಅವರು ಒಪ್ಪಿಸಿದ ವರದಿ.

ಕೋಟೆ ಅಂದು ವಶವಾಗಲಿಲ್ಲ. ದಾಳಿಗಿಳಿದ ಸುಮಾರು 600 ಮಂದಿಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೆ ಸೆರೆಯಾದರು. ಶಾ ಅವರನ್ನು ವೈರಿಗಳು ಕರಿಯ ಸೈನಿಕರೊಡನೆ ಒಂದೇ ಗುಂಡಿಯಲ್ಲಿ ಹೂಳಿದರು. ಅದನ್ನು ಅವಮಾನವೆಂದೇ ಅವರು ಬಗೆದಿದ್ದರು. ಆದರೆ ಮಗನು ತನ್ನವರ ನಡುವೆಯೇ ಇರಲೆಂದು ಅವನ ತಂದೆ ಶವವನ್ನು ತೆಗೆಸಲು ಒಪ್ಪಲಿಲ್ಲ.

ಇಷ್ಟು ನೆತ್ತರು ಹರಿಸಿದವರಿಗೆ ಸರ್ಕಾರ ಕೊಡಹೊರಟ ಸಂಬಳವೆಷ್ಟು? ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರು. ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ. ಕೊರತೆಯನ್ನು ತಾನು ತುಂಬಿಕೊಡುವೆನೆಂದು ರಾಜ್ಯವೇ ಮುಂದೆ ಬಂದರೂ ದಳದವರು ಒಪ್ಪಲಿಲ್ಲ. ಸುಮಾರು ಒಂದೂವರೆ ವರ್ಷ ಬಿಡಿಗಾಸೂ ಮುಟ್ಟದೆ ಕಾದಿದರು. ಮನೆಯಲ್ಲಿ ಹೆಂಡತಿ ಮಕ್ಕಳ ಪಾಡೇನಾಗಿದ್ದಿತೆಂದು ನೆನೆದರೆ, ಕೋಟೆಯ ದಾಳಿಗಿಂತ ಇದೇ ಕಠಿಣವಾಗಿತ್ತೇನೋ ಎಂದು ನಮಗೆ ತೋರುತ್ತದೆ. 1864ರ ಜೂನಿನಲ್ಲಿ ಕಾಂಗ್ರೆಸ್ ಸಮಾನ ವೇತನದ ಶಾಸನ ಮಾಡಿತು.

ಅದೇ ತಿಂಗಳು ಕಾರ್ನಿ ಗಾಯಗಳ ಕಾರಣ ಸೈನ್ಯದಿಂದ ಬಿಡುಗಡೆ ಹೊಂದಿದರು. ಕುಂಟುಗಾಲಿನಲ್ಲೇ ನ್ಯೂ ಬೆಡ್‌ಫರ್ಡಿನಲ್ಲಿ 32 ವರ್ಷ ಅಂಚೆ ಹಂಚಿದರು. 1900ರ ಮೇ 23ರಂದು ರಾಷ್ಟ್ರದ ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ಅವರಿಗೆ ಸಂದಿತು. ಅದಕ್ಕೂ ಮೊದಲೇ ಇತರ ಕರಿಯ ಯೋಧರು ಅದನ್ನು ಪಡೆದಿದ್ದರು; ಆದರೆ ಹಾಗೆ ಮನ್ನಣೆ ಪಡೆದ ಕರಿಯರ ಸಾಹಸಗಳಲ್ಲಿ ಕಾಲದಿಂದ ಮೊದಲನೆಯದು ಕಾರ್ನಿಯವರದೇ. ಅಂಚೆಯಿಂದ ನಿವೃತ್ತರಾದ ಮೇಲೆ ಬಾಸ್ಟನ್ನಿನ ರಾಜ್ಯಸಭಾಭವನದಲ್ಲಿ ಜವಾನರಾಗಿ ದುಡಿದರು. 1908ರಲ್ಲಿ ಅಲ್ಲಿನ ಲಿಫ್ಟಿಗೆ ಕಾಲು ಸಿಕ್ಕಿ, ಆ ಗಾಯದಿಂದಲೇ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಜವಾನನ ಗೌರವಾರ್ಥವಾಗಿ ಸಭಾಭವನದ ಧ್ವಜವನ್ನು ಅರ್ಧಕ್ಕೆ ಇಳಿಸಲಾಯಿತು.