ಹಾರ್ಮೋನು, ಹಸುಳೆ ಮತ್ತು ಹೆತ್ತವರ ಕಣ್ಣು

ಆಕ್ಸಿಟೋಸಿನ್ ಎಂಬ ಹೆಸರು ನಮ್ಮಲ್ಲಿ ಹೆರಿಗೆ ಕೋಣೆಗೂ, ಹಾಲಿನಾಸೆಗೆ ಎಮ್ಮೆಗೆ ಕದ್ದು ಚುಚ್ಚುವ ಸೂಜಿಗೂ ಅಂಟಿಕೊಂಡಿದೆ. ಆಟಿಸಂ ಇರುವ ಮಕ್ಕಳ ಮೂಗಿಗೆ ಅದನ್ನು ಸಿಂಪಡಿಸಿದರೆ ಅವರಿಗೆ ಇತರರೊಡನೆ ಬೆರೆಯುವುದು ಸುಲಭವಾದೀತೇ ಎಂಬ ಪರೀಕ್ಷೆ ವರ್ಷಗಳಿಂದ ನಡೆದಿದೆ. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 3ರಿಂದ 17 ವರ್ಷದ 290 ಮಕ್ಕಳಿದ್ದರು. 24 ವಾರಗಳ ಬಳಿಕ ಹುಸಿ ಮದ್ದಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಅನಂತರ ಸಿಡ್ನಿಯಲ್ಲಿ 3ರಿಂದ 12 ವರ್ಷದ 87 ಮಕ್ಕಳ ಮೇಲೆ ನಡೆದ ಪ್ರಯೋಗದ ಒಟ್ಟು ಫಲವೂ ಅಷ್ಟೇ. ಆದರೆ 3ರಿಂದ 5 ವರ್ಷದ ಪುಟಾಣಿಗಳಲ್ಲಿ, ಹೆತ್ತವರ ಹೇಳಿಕೆಯಂತೆ, ಸುಧಾರಣೆ ಕಂಡಿತು.

ಹೆತ್ತವರ ಹೇಳಿಕೆಯಂತೆ ಎಂಬಲ್ಲಿ ನಾವು ತುಸು ನಿಲ್ಲಬೇಕು. ತಮ್ಮ ಮಗುವಿಗೆ ಸಿಕ್ಕಿದ್ದು ನಿಜವಾದ ಔಷಧವೇ ಎಂದು ನಂಬಿದವರು ಹೆಚ್ಚು ಸುಧಾರಣೆ ಕಂಡದ್ದು ಆಕ್ಸಿಟೋಸಿನ್‌ನ ಇಂಥದೇ ಇನ್ನೊಂದು ಪ್ರಯೋಗದಲ್ಲಿ. ಇದು ಸುಳ್ಳಲ್ಲ. ಮಗು ಒಮ್ಮೆ ತಿರುಗಿ ನೋಡಲೆಂದು ವರ್ಷಗಟ್ಟಲೆ ಕಾದ ತಾಯಿಗೆ, ಅದು ನೋಡಿದ ಒಂದು ಸಂಜೆ ಲೆಕ್ಕಕ್ಕೆ ಬಾರದಿರುವುದೆಂತು?

ಸೆಕ್ರೆಟಿನ್ ಎಂಬ ಇನ್ನೊಂದು ಹಾರ್ಮೋನಿನ ಕಥೆ ಇದಕ್ಕೂ ಹಳೆಯದು. 1998ರಲ್ಲಿ ಮೂವರೇ ಮಕ್ಕಳ ವರದಿಯಿಂದ ಅಮೆರಿಕದ ಹೆತ್ತವರು ಅದರ ಹಿಂದೆ ಬಿದ್ದರು. ಮರುವರ್ಷ 60 ಮಕ್ಕಳಲ್ಲಿ ಅದನ್ನು ಉಪ್ಪುನೀರಿನೊಡನೆ ಹೋಲಿಸಿ ನೋಡಿದಾಗ ವ್ಯತ್ಯಾಸವೇ ಇರಲಿಲ್ಲ. ಫಲಿತಾಂಶ ತಿಳಿದ ಮೇಲೂ ಶೇ. 69ರಷ್ಟು ಹೆತ್ತವರು ಆ ಚಿಕಿತ್ಸೆಯಲ್ಲಿ ಆಸಕ್ತಿ ಉಳಿಸಿಕೊಂಡಿದ್ದರು!

ಹಾಗೆಂದು ಹಸುಳೆಗಳ ಮೇಲೆ ಪ್ರಯೋಗವೇ ಕೂಡದೆಂಬ ವಾದವನ್ನು ನಾವು ಒಪ್ಪೆವು. ಪ್ರಯೋಗ ನಿಂತರೆ ಔಷಧ ನಿಲ್ಲುವುದಿಲ್ಲ. ಪರೀಕ್ಷೆಯಿಲ್ಲದೆಯೇ, ದುಡ್ಡಿಗೆ, ಹಿಂಬಾಗಿಲಿನಿಂದ ಬರುತ್ತದೆ. ಪುಟಾಣಿಗಳಲ್ಲಿ ಕಂಡ ಆ ಸುಳಿವನ್ನು ಮತ್ತೆ ಪರೀಕ್ಷಿಸಲೇಬೇಕು. ಆದರೆ ತಕ್ಕಡಿ ಹೆತ್ತವರ ಕೈಯಲ್ಲಷ್ಟೇ ಇರಬಾರದು. ಯಾರಿಗೆ ಏನು ಕೊಟ್ಟರೆಂದು ಅರಿಯದ ಹೊರಗಿನವರೂ ಮಗುವಿನ ಆಟಪಾಟವನ್ನು ಅಳೆಯಬೇಕು, ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೆ ಮತ್ತೊಮ್ಮೆ ಅಳೆಯಬೇಕು. ಮೂರು ವರ್ಷದ ಮಗು ಒಪ್ಪಿಗೆ ಕೊಡಲಾರದು. ಅದರ ಪರವಾಗಿ ಸಹಿ ಹಾಕುವವರಿಗೆ ಇಷ್ಟನ್ನಾದರೂ ಕೇಳುವ ಹಕ್ಕಿದೆ.

ಕಡತಗಳ ನಡುವೆ ದಿನ ಕಳೆಯುವ ನಮಗೆ ಇನ್ನೊಂದು ಮಾತು ಹೇಳಬೇಕೆನಿಸುತ್ತದೆ. ಅಜ್ಜಿ ಅತ್ತೆಯರ ಆಸರೆಯಿಲ್ಲದೆ ಮುಂಬಯಿ, ದೆಹಲಿಗಳಲ್ಲಿ ಇಂಥ ಮಗುವನ್ನು ಬೆಳೆಸುವ ನಮ್ಮವರಿಗೆ ಹೊಸ ಚಿಕಿತ್ಸೆಯ ಸುದ್ದಿ ಬೇಗ ತಲುಪುತ್ತದೆ. ಭಾರತದಲ್ಲಿ ಔಷಧ ಪ್ರಯೋಗಗಳನ್ನು ಆರಂಭಕ್ಕೆ ಮೊದಲೇ ಸರ್ಕಾರಿ ನೋಂದಣಿಯಲ್ಲಿ ದಾಖಲಿಸಬೇಕು. ಯಾರು ಬೇಕಾದರೂ ಅದನ್ನು ನೋಡಬಹುದು. ಮೊದಲು ಆ ಸಂಖ್ಯೆ ಕೇಳಿ. ಪ್ರಯೋಗವೆಂದು ಹೇಳಿ ಪ್ಯಾಕೇಜಿನ ದರಪಟ್ಟಿ ಮುಂದಿಟ್ಟರೆ, ಮಗುವಿನ ಕೈಹಿಡಿದು ಹೊರಟುಬಿಡಿ.