ನಾನೇಕೆ ಜಟಾಧಾರಿ?

ಅಧ್ಯಾಪಕನ ತಲೆಯೊಳಗೆ ಏನಿದೆಯೆಂದು ವಿಚಾರಿಸುವವರು ವಿರಳ. ತಲೆಯ ಮೇಲೆ ಏನಿದೆಯೆಂಬುದು ಮಾತ್ರ ಊರಿಗೆಲ್ಲ ಬೇಕು. ನನ್ನ ತಲೆಯ ಮೇಲಿರುವುದು ಜಟೆ. ವಿದ್ಯಾರ್ಥಿಗಳು ಅದನ್ನು ‘ಡ್ರೆಡ್‌ಲಾಕ್ಸ್’ ಎನ್ನುತ್ತಾರೆ. ಕಾಲೇಜಿನ ಹಿರಿಯ ಗುಮಾಸ್ತರು ‘ಸ್ವಾಮಿಗಳು ಬಂದರು’ ಎನ್ನುತ್ತಾರೆ. ಮೊನ್ನೆ ಬಸ್ಸಿನಲ್ಲಿ ವೃದ್ಧೆಯೊಬ್ಬರು ಎದ್ದು ಕೈಮುಗಿದು ತಮ್ಮ ಸ್ಥಳವನ್ನೇ ಬಿಟ್ಟುಕೊಟ್ಟರು. ಅವರನ್ನು ಒಪ್ಪಿಸಿ ಮತ್ತೆ ಕೂರಿಸುವಷ್ಟರಲ್ಲಿ ನಾನಿಳಿಯಬೇಕಾದ ನಿಲ್ದಾಣ ಹಿಂದೆ ಬಿದ್ದಿತ್ತು.

ವೈರಾಗ್ಯವೆಂದು ಊಹಿಸಿದ ವಾಚಕರಿಗೆ ನಿರಾಶೆಯಾದೀತು. ತಿಂಗಳ ಮೊದಲ ತಾರೀಖಿಗಾಗಿ ಕಾದು ಕುಳಿತಿರುವವನಿಗೆ ವೈರಾಗ್ಯವೆಲ್ಲಿಯದು?

ನಾಲ್ಕು ವರ್ಷಗಳ ಹಿಂದೆ ತಂದೆಯವರು ತೀರಿಕೊಂಡರು. ಉತ್ತರಕ್ರಿಯೆಯಲ್ಲಿ ನನ್ನ ಮುಂಡನವಾಯಿತು. ವರ್ಷದ ತಿಥಿಯವರೆಗೆ ಕತ್ತರಿ ಮುಟ್ಟಿಸಕೂಡದೆಂಬುದು ನಮ್ಮ ಮನೆಯ ಪದ್ಧತಿ. ನನ್ನದೋ ಹುಟ್ಟಿನಿಂದಲೇ ಗುಂಗುರು ಕೂದಲು. ಬಾಚಣಿಗೆಯಾಡದಿದ್ದರೆ ತಾನೇ ತಾನಾಗಿ ಹೆಣೆದುಕೊಳ್ಳುತ್ತದೆ. ವರ್ಷ ಕಳೆಯಿತು. ಪದ್ಧತಿ ನನ್ನನ್ನು ಬಿಟ್ಟಿತು. ನಾನು ಕೂದಲನ್ನು ಬಿಡಲಿಲ್ಲ.

ಮನುಷ್ಯನ ತಲೆಗೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುತ್ತದೆ. ದಿನಕ್ಕೆ 50ರಿಂದ 100 ಎಳೆಗಳು ಉದುರುತ್ತವೆ. ಬಾಚುವವರಲ್ಲಿ ಅವು ಬಾಚಣಿಗೆಯ ಪಾಲು. ಜಟೆಯಲ್ಲಿ ಹಾಗಲ್ಲ, ಬೇರು ಬಿಟ್ಟ ಎಳೆಯೂ ನೆರೆಯ ಎಳೆಗಳಿಗೆ ತೊಡರಿಕೊಂಡು ಅಲ್ಲಿಯೇ ಉಳಿಯುತ್ತದೆ. ಹೋದದ್ದು ಹೋಗದೆ ನಿಲ್ಲುವ ಏರ್ಪಾಡು ಅದು. ಲೆಕ್ಕ ಹಾಕಿದರೆ, ನನ್ನ ಜಟೆಯ ತುದಿಯ ಒಂದಂಗುಲ ತಂದೆಯವರಿಲ್ಲದ ಮೊದಲ ಎರಡು ಮೂರು ತಿಂಗಳುಗಳದು: ಅವರ ಕನ್ನಡಕವನ್ನು ಏನು ಮಾಡುವುದೆಂದು ತಿಳಿಯದೆ ಮೇಜಿನ ಮೇಲೆಯೇ ಬಿಟ್ಟಿದ್ದ ದಿನಗಳು, ಅಮ್ಮ ಮರೆತು ಎರಡು ಲೋಟ ಕಾಫಿ ಬೆರೆಸುತ್ತಿದ್ದ ದಿನಗಳು. ಗೋಡೆಯ ಮೇಲಿನ ಭಾವಚಿತ್ರ ಬಂದುಹೋಗುವವರಿಗೆ, ಇದು ನನಗೆ.

ಪಾಠಕ್ಕೆ ಬೇಕಾದರೆ ನನ್ನಲ್ಲಿ ಘನವಾದ ಆಧಾರಗಳೂ ಉಂಟು. ವಾಲ್ಮೀಕಿಯ ರಾಮನು ಗಂಗಾತೀರದಲ್ಲಿ ಗುಹನಿಂದ ಆಲದ ಹಾಲನ್ನು ತರಿಸಿ ತನಗೂ ಲಕ್ಷ್ಮಣನಿಗೂ ಜಟೆ ಕಟ್ಟಿದನು. ಜಮೈಕದ ರಾಸ್ತಫಾರಿಗಳಿಗೆ ಜಟೆಯೇ ವ್ರತ. 1963ರಲ್ಲಿ ಕೋರಲ್ ಗಾರ್ಡನ್ಸ್ ಗಲಭೆಯ ತರುವಾಯ ಪೊಲೀಸರು ಅವರನ್ನು ಹಿಡಿದು ತಂದು ಅನೇಕರ ಜಟೆಗಳನ್ನು ಕತ್ತರಿಸಿಹಾಕಿದರು. ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2017ರಲ್ಲಿ.

ಇದನ್ನೆಲ್ಲ ಅಧ್ಯಾಪಕರ ಕೊಠಡಿಯಲ್ಲಿ ಬಣ್ಣಿಸುತ್ತಿದ್ದಾಗ ಸವದತ್ತಿಯ ಕಡೆಯ ಸಹೋದ್ಯೋಗಿನಿಯೊಬ್ಬರು ಮೆಲ್ಲನೆ, “ನಿಮಗಿದು ಹಂಬಲ ಸರ. ನಮ್ಮ ಕಡೆ ಹುಡುಗಿ ತಲಿಯೊಳಗ ಜಡಿ ಬಿತ್ತಂದ್ರ ಆಕಿ ಬಾಳೇವು ಅಲ್ಲಿಗೇ ಮುಗೀತಿತ್ತು” ಎಂದರು. ನಿಜ. ಗಂಟುಗಟ್ಟಿದ ಕೂದಲನ್ನು ಯಲ್ಲಮ್ಮನ ಕರೆಯೆಂದು ನಂಬಿ ಎಷ್ಟೋ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಟ್ಟ ನಾಡು ಇದು. 1982ರ ಕಾಯಿದೆ ಅದನ್ನು ಅಪರಾಧವೆಂದು ಸಾರಬೇಕಾಯಿತು. ನನ್ನ ಜಟೆಯನ್ನು ನಾನು ಬಯಸಿದ ದಿನ ತೆಗೆಸಬಹುದು. ಆ ಮಕ್ಕಳಿಗೆ ಇಲ್ಲದ ಈ ಸ್ವಾತಂತ್ರ್ಯವೇ ಇದರ ಬೆಲೆಯೆಲ್ಲ. ಅಂದಿನಿಂದ ವಾಲ್ಮೀಕಿಯನ್ನು ನೆರವಿಗೆ ಕರೆಯುವುದನ್ನು ಕಡಿಮೆ ಮಾಡಿದ್ದೇನೆ.

ಈಗ ತಂಗಿಯ ಮದುವೆ ಮುಂದಿನ ತಿಂಗಳು. ತಂದೆಯವರ ಸ್ಥಾನದಲ್ಲಿ ನಾನೂ ನನ್ನ ಪತ್ನಿಯೂ ಧಾರೆಯೆರೆಯಬೇಕು. ಜಟೆಯವನ ಕೈಯಿಂದ ಧಾರೆಯೇ ಎಂದು ಬೀಗರ ಮನೆಯಿಂದ ಸುತ್ತುಬಳಸಿ ಮಾತು ಬಂದಿತು. ಅಮ್ಮ ಏನನ್ನೂ ಹೇಳಲಿಲ್ಲ. ಆದರೆ ಊಟಕ್ಕೆ ಬಡಿಸುವಾಗ ನನ್ನ ತಲೆಯನ್ನೇ ನೋಡುತ್ತಿದ್ದರು. ಎರಡು ರಾತ್ರಿ ನನಗೆ ನಿದ್ರೆಯಿಲ್ಲ. ಮದುವೆ ಅವಳದು, ಕತ್ತರಿಸೆಂದರೆ ಕತ್ತರಿಸುತ್ತೇನೆಂದು ನಿಶ್ಚಯಿಸಿ ತಂಗಿಯನ್ನೇ ಕೇಳಿದೆ.

“ಅಪ್ಪ ಹೋದ ದಿನದಿಂದ ಬೆಳೆಸಿದ್ದಲ್ವೇನಣ್ಣಾ? ಇರಲಿ. ಪೇಟ ಕಟ್ಟಿಕೊಂಡರಾಯಿತು” ಎಂದಳು.

ಅವಳಿಗೆ ಇದು ತಿಳಿದಿತ್ತೆಂದು ನನಗೆ ತಿಳಿದಿರಲಿಲ್ಲ.

ನಿನ್ನೆ ಪೇಟದಂಗಡಿಗೆ ಹೋಗಿದ್ದೆವು. ಅಂಗಡಿಯವರು ನನ್ನ ತಲೆಯನ್ನು ಎರಡೆರಡು ಬಾರಿ ಅಳೆದು, ಸಿದ್ಧಪೇಟ ಹಿಡಿಸದು, ಹೊಸದಾಗಿಯೇ ಸುತ್ತಬೇಕು, ಬಟ್ಟೆಯ ಬೆಲೆ ಬೇರೆ ಎಂದರು. ತಂಗಿ ಚೌಕಾಸಿಗಿಳಿದಳು.